ಕೆಂಪಯ್ಯ ಓಡಿ ಬಂದನೆಂದರೆ

ಉಡಿಗಾಲದ ಕೆಂಪಯ್ಯನನ್ನು ಒಮ್ಮೆ ಗೂಳಿಯೊಂದು ಅಟ್ಟಿಸಿಕೊಂಡು ಬಂತು. ಯಾರಾದರೂ ಏನು ಮಾಡುತ್ತಾರೆ? ಓಡುತ್ತಾರೆ. ಕೆಂಪಯ್ಯನೂ ಓಡಿದ. ಊರ ಮುಂದಿನ ಅರಳಿಕಟ್ಟೆಯಿಂದ ಕೆರೆ ಏರಿಯವರೆಗೆ, ಹೆಚ್ಚೆಂದರೆ ಎರಡು ಫರ್ಲಾಂಗು. ಅಷ್ಟರಲ್ಲಿ ಮೂರು ಮನೆಯ ಹೆಂಗಸರು ಬಾಗಿಲಿಗೆ ಬಂದು ಎದೆ ಬಡಿದುಕೊಂಡು ಅಳುವುದಕ್ಕೆ ಶುರು ಮಾಡಿಬಿಟ್ಟರು. ಒಬ್ಬಳಂತೂ ಹೋದವರು ಯಾರೆಂದು ಗೊತ್ತಾಗುವ ಮುಂಚೆಯೇ ಅವರ ಒಳ್ಳೆಯ ಗುಣಗಳನ್ನೆಲ್ಲ ಎತ್ತಿ ಹಾಡಿಕೊಂಡು ಅತ್ತಳು. ಸಂಜೆ ಕಟ್ಟೆಯ ಮೇಲೆ ಹಿರಿಯರು ಸೇರಿ ಕೆಂಪಯ್ಯನಿಗೆ ಛೀಮಾರಿ ಹಾಕಿದರು. ಗೂಳಿಯನ್ನು ಯಾರೂ ಏನೂ ಕೇಳಲಿಲ್ಲ.

ವಿಷಯ ಏನೆಂದರೆ, ಕೆಂಪಯ್ಯ ಆ ಊರಿನ ಕುಳವಾಡಿ. ತಮಟೆ ಬಡಿದು ಸಾರುವುದು, ಕಂದಾಯದ ಸಾಹೇಬರು ಬಂದಾಗ ಮನೆಮನೆಗೆ ಹೋಗಿ ಕೂಗುವುದು, ಹೀಗೆ ಊರಿನ ಚಾಕರಿಯನ್ನೆಲ್ಲ ಅವನ ವಂಶದ ತಲೆಗೆ ಕಟ್ಟಿದ್ದರು. ಸಾವಿನ ಸುದ್ದಿ ಮುಟ್ಟಿಸುವುದೂ ಅದರಲ್ಲೇ ಒಂದು. ಊರಿನಲ್ಲಿ ಹೊಲಗದ್ದೆ ಇದ್ದ ಶಿವಾಚಾರದ, ಅಂದರೆ ಲಿಂಗಾಯತರ, ಮನೆಗಳಲ್ಲಿ ಬೆಳಿಗ್ಗೆ ಜೀವ ಹೋದರೆ ಸಂಜೆಯೊಳಗೆ ಮಣ್ಣು. ಅಷ್ಟರೊಳಗೆ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಬಂದು ಮುಖ ನೋಡಿಕೊಳ್ಳಬೇಕು. ಬಸ್ಸೇನೋ ಬಂದಿತ್ತು, ಆದರೆ ದಿನಕ್ಕೆ ಎರಡು ಸಲ, ಅದೂ ಅದಕ್ಕೆ ಮನಸ್ಸು ಬಂದರೆ. ಹಾಗಾಗಿ ಕೆಂಪಯ್ಯ ಓಡುತ್ತಿದ್ದ. ಈ ಕಡೆ ಉಮ್ಮತ್ತೂರು, ಆ ಕಡೆ ತೆರಕಣಾಂಬಿ, ಗುಂಡ್ಲುಪೇಟೆ, ಕೆಲವು ಸಲ ಬಂಡೀಪುರದ ಕಾಡಿನ ಅಂಚಿನವರೆಗೂ. ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪನ ಕೈಯಿಂದ ಕುಳವಾಡಿಕೆಯ ಕೋಲು ತೆಗೆದುಕೊಂಡವನಿಗೆ ಈಗ ಮೂವತ್ತೆರಡು. ಹದಿನಾಲ್ಕು ವರ್ಷದಲ್ಲಿ ಅವನ ಕಾಲಿನಿಂದಾಗಿ ಅದೆಷ್ಟು ಹೆಣ್ಣುಮಕ್ಕಳು ತಾಯಿಯ ಮುಖ ನೋಡಿದರೋ, ಲೆಕ್ಕವಿಟ್ಟವರಿಲ್ಲ.

ಆದರೆ ಈ ಓಟಕ್ಕೆ ಒಂದು ಕಟ್ಟಳೆಯಿತ್ತು. ಸುದ್ದಿ ಇದ್ದಾಗ ಮಾತ್ರ ಓಡಬೇಕು, ಉಳಿದ ಹೊತ್ತು ನಡೆಯಬೇಕು. ಮಳೆ ಸುರಿದರೂ ನಡೆಯಬೇಕು, ಬಸ್ಸು ಹೊರಟುಹೋಗುತ್ತಿದ್ದರೂ ನಡೆಯಬೇಕು, ಗೂಳಿ ಬಂದರೂ ನಡೆಯಬೇಕು. ಇನ್ನೊಂದು ಕಟ್ಟಳೆ ಇದಕ್ಕಿಂತ ವಿಚಿತ್ರ. ಸುದ್ದಿ ಒಯ್ದವನು ಸತ್ತರೆಂದು ಹೇಳುವ ಹಾಗಿಲ್ಲ. ಏನೂ ಆಗಿಲ್ಲ, ಚೆನ್ನಾಗಿದ್ದಾರೆ, ಸುಮ್ಮನೆ ನಿಮ್ಮನ್ನು ನೋಡಬೇಕಂತೆ ಅನ್ನಬೇಕು. ದಾರಿಯಲ್ಲಿ ಎದೆ ಒಡೆದುಕೊಳ್ಳದಿರಲಿ ಅಂತ ಯಾವ ಕಾಲದಲ್ಲೋ ಯಾವ ಪುಣ್ಯಾತ್ಮರೋ ಮಾಡಿದ ಏರ್ಪಾಡು ಅದು. ಒಳ್ಳೆಯದೇ. ಆದರೆ ತಲೆತಲಾಂತರ ಹಾಗೆ ಹೇಳಿ ಹೇಳಿ, ಕುಳವಾಡಿ ಓಡಿ ಬಂದು ಏನೂ ಆಗಿಲ್ಲ ಅಂದನೋ, ಕೇಳಿದವರು ಅಲ್ಲೇ ಕುಸಿದು ಕೂರುತ್ತಿದ್ದರು.

ಇಷ್ಟೆಲ್ಲ ಇದ್ದರೂ ಕೆಂಪಯ್ಯನಿಗೆ ಓಡುವುದೆಂದರೆ ಪ್ರಾಣ. ಇದನ್ನು ಬಾಯಿ ಬಿಟ್ಟು ಹೇಳಿದರೆ ಜನ ಏನೆಂದುಕೊಂಡಾರು? ಯಾರಾದರೂ ಸಾಯಲಿ ಅಂತ ಕಾಯುತ್ತಾನೆ ಅಂದುಕೊಂಡಾರು. ಅದಕ್ಕೇ ಅವನು ಹೆಂಡತಿ ಶಿವಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ.

ಮೊದಲ ಎರಡು ಮೈಲಿ ನಿಮಗೂ ನನಗೂ ಕೆಂಪಯ್ಯನಿಗೂ ಒಂದೇ. ಎದೆ ಉರಿಯುತ್ತದೆ, ಪಕ್ಕೆ ಹಿಡಿಯುತ್ತದೆ, ತೆಪ್ಪಗೆ ಮನೆಯಲ್ಲಿ ಬಿದ್ದಿರಬಾರದಿತ್ತೇ ಅನ್ನಿಸುತ್ತದೆ. ಮೂರನೆಯ ಮೈಲಿ ದಾಟಿದ ಮೇಲೆ ಅವನಿಗೆ ಏನೋ ಆಗುತ್ತಿತ್ತು. ಕಾಲು ಬೇರೆ ಯಾರದೋ, ತಾನು ಬೇರೆ ಎಲ್ಲೋ. ಉಸಿರು ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ ನಿಂತಿರುತ್ತಿತ್ತು. ಅವನು ಎಷ್ಟು ಓಡಿದರೂ ಅದು ಹತ್ತಿರವೂ ಬರುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ. ಹಾದಿಯ ಎರಡು ಬದಿಯ ಜೋಳ, ಅವರೆ, ಹುರುಳಿ ಎಲ್ಲ ಕಲೆತು ಒಂದೇ ಹಸಿರಾಗಿ ಹರಿಯುತ್ತಿತ್ತು. ಆಗ ಸತ್ತವರು ಪಕ್ಕದಲ್ಲಿ ಬಂದು ಸೇರಿಕೊಳ್ಳುತ್ತಿದ್ದರು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರ ಸುದ್ದಿ ಒಯ್ಯುತ್ತಿದ್ದನೋ ಅವರೇ ಬರುತ್ತಿದ್ದರು. ಆರು ವರ್ಷ ವಾಯು ಹಿಡಿದು ಹಾಸಿಗೆಯಲ್ಲಿದ್ದ ದೊಡ್ಡಮಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಹದಿನಾರರ ಹುಡುಗನ ಹಾಗೆ ಜಿಗಿಯುತ್ತಾ ಬಂದಿದ್ದ. ದೊಡ್ಡಮಲ್ಲಮ್ಮ ಸೀರೆಯ ನೆರಿಗೆ ಹಿಡಿದುಕೊಂಡು ಓಡುತ್ತಾ, ತುಪ್ಪದ ಗಡಿಗೆಯನ್ನು ಸೊಸೆಗೆ ಕಾಣದ ಹಾಗೆ ಎಲ್ಲಿಟ್ಟಿದ್ದೇನೆಂದು ದಾರಿಯುದ್ದಕ್ಕೂ ಹೇಳಿದ್ದಳು. ಅವರ ಭುಜ ಇವನ ಭುಜಕ್ಕೆ ತಾಗುತ್ತಿತ್ತು, ಅವರು ಸರಿದುಕೊಳ್ಳುತ್ತಿರಲಿಲ್ಲ. ಸೇರಬೇಕಾದ ಊರಿನ ಗಡಿಕಲ್ಲು ಬಂದಾಗ ಮಾತ್ರ ನಿಂತುಬಿಡುತ್ತಿದ್ದರು. ಅಲ್ಲಿಂದ ಮುಂದಕ್ಕೆ ಅವನೊಬ್ಬನೇ.

ಇದನ್ನು ಕೇಳಿದ ಶಿವಮ್ಮ ಮೊದಲು ಅವನ ಹಣೆಗೆ ವಿಭೂತಿ ಬಳಿದಳು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಬದುಕಿದ್ದಾಗ ಯಾವತ್ತಾರ ನಿನ್ನ ಪಕ್ಕದಲ್ಲಿ ಕೂರುಸ್ಕಂಡಿದ್ರಾ ಅವ್ರು?”

ಆ ಮಾತು ಕೆಂಪಯ್ಯನೊಳಗೆ ಮುಳ್ಳಿನ ಹಾಗೆ ಉಳಿಯಿತು. ಬರುಬರುತ್ತಾ ಅವನಿಗೆ ಒಂದೇ ಆಸೆಯಾಯಿತು. ಒಂದು ಸಲ, ಒಂದೇ ಒಂದು ಸಲ, ಬಾಯಲ್ಲಿ ಯಾರ ಸಾವೂ ಇಲ್ಲದೆ ಓಡಬೇಕು. ಓಡಿ ಬರುವ ತನ್ನನ್ನು ನೋಡಿ ಜನ ನಗಬೇಕು. ಈ ಓಟ ತನ್ನದೋ ಇಲ್ಲ ಸಾವಿನದೋ, ಅದು ಗೊತ್ತಾಗಬೇಕು.

ಆ ಅವಕಾಶ ಬಂದದ್ದು ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಲಿಯಾಕತ್ ಅಲಿಯ ಮೂಲಕ. ಈ ಲಿಯಾಕತ್ ಅಲಿಗೆ ಒಂದು ಚಟ, ಕೈಗಡಿಯಾರ ನೋಡಿಕೊಂಡು ಎಲ್ಲದಕ್ಕೂ ಹೊತ್ತು ಹಿಡಿಯುವುದು. ಹಾಲು ಉಕ್ಕುವುದಕ್ಕೆ ಎಷ್ಟು ನಿಮಿಷ, ಅಮಲ್ದಾರರು ಮೀಸೆ ತಿರುವುವುದಕ್ಕೆ ಎಷ್ಟು ನಿಮಿಷ, ಎಲ್ಲ ಅವನಿಗೆ ಗೊತ್ತು. ಒಂದು ಸಲ ಸುದ್ದಿ ಹೊತ್ತು ಓಡುತ್ತಿದ್ದ ಕೆಂಪಯ್ಯನ ಹಿಂದೆ ಸೈಕಲ್ ತುಳಿದುಕೊಂಡು ಹೋಗಿ, ಐದನೆಯ ಮೈಲಿಯಲ್ಲಿ ಚೈನು ಕಳಚಿಕೊಂಡು ಕೂತಿದ್ದ. ಚೈನು ಹಾಕಿ ಕೈ ಒರೆಸಿಕೊಂಡು ನೋಡಿದರೆ ಕೆಂಪಯ್ಯ ಕಣ್ಣಿಗೇ ಇಲ್ಲ. ಅವತ್ತಿನಿಂದ ಅವನಿಗೆ ಕೆಂಪಯ್ಯನೆಂದರೆ ಗೌರವ, ಸಿಕ್ಕಾಗೆಲ್ಲ ಕೆಂಪಣ್ಣಾ ಅಂತ ಕರೆದು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಡಿಸುತ್ತಿದ್ದ.

ಐವತ್ತಾರನೆಯ ಇಸವಿ ನವೆಂಬರ್ ಒಂದನೇ ತಾರೀಕು, ಕನ್ನಡದ ಸೀಮೆಗಳೆಲ್ಲ ಕೂಡಿ ಹೊಸ ರಾಜ್ಯವಾಗುವ ದಿನ. ಪೇಟೆಯ ಡ್ರಿಲ್ ಮೇಷ್ಟ್ರು ಗುರುಪಾದಸ್ವಾಮಿ ಆ ದಿನಕ್ಕೆಂದು ಒಂದು ಓಟದ ಪಂದ್ಯ ಇಟ್ಟರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಇಪ್ಪತ್ತೆರಡು ಮೈಲಿ, ಯಾರು ಬೇಕಾದರೂ ಓಡಬಹುದು, ಮೊದಲು ಬಂದವರಿಗೆ ಬೆಳ್ಳಿಯ ಲೋಟ. ಲಿಯಾಕತ್ ಅಲಿ ಕೆಂಪಯ್ಯನನ್ನು ಕೇಳದೆಯೇ ಅವನ ಹೆಸರು ಬರೆಸಿಬಿಟ್ಟ. ಕೆಂಪಯ್ಯನಿಗೆ ಲೋಟದ ಮೇಲೆ ಆಸೆಯಿರಲಿಲ್ಲ ಅಂದರೆ ಸುಳ್ಳು. ಅದರಲ್ಲಿ ನೀರು ಕುಡಿಯುವುದು ಹೇಗಿರುತ್ತದೆಂದು ಎರಡು ರಾತ್ರಿ ಯೋಚಿಸಿದ್ದ. ಆದರೆ ಅವನ ನಿಜವಾದ ಆಸೆ ಯಾವುದೆಂದು ಆಗಲೇ ಹೇಳಿದ್ದೇನೆ.

ಊರಿನ ಯಜಮಾನ ಗಂಗಾಧರಸ್ವಾಮಿ ಅಪ್ಪಣೆಯನ್ನೇನೋ ಕೊಟ್ಟ. ಆದರೆ ಪಂದ್ಯದ ದಾರಿ ಊರಿನ ನಡುವೆಯೇ ಹೋಗುವುದರಿಂದ ಜನ ಗಾಬರಿಯಾಗದಂತೆ ಮೊದಲೇ ಸಾರಬೇಕೆಂದ. ಸಾರುವವನು ಯಾರು? ಕೆಂಪಯ್ಯನೇ. ತಮಟೆ ಬಡಿಯುತ್ತಾ ಬೀದಿಬೀದಿಯಲ್ಲಿ ನಿಂತು ಕೂಗಿದ:

“ನಾಳೀಕೆ ನಾನು ಓಡ್ಕಂಡ್ ಬತ್ತೀನಿ ಕಣ್ರಪ್ಪೋ. ಯಾರೂ ಸತ್ತಿರಾಕಿಲ್ಲ. ಅಳಬ್ಯಾಡಿ.”

ಮಾರನೆಯ ಬೆಳಿಗ್ಗೆ ಇಪ್ಪತ್ತಮೂರು ಜನ ಹೊರಟರು. ಹೈಸ್ಕೂಲು ಹುಡುಗರು, ಇಬ್ಬರು ಪೋಲೀಸಿನವರು, ಒಬ್ಬ ಗುಮಾಸ್ತ, ಉಳಿದವರು ಅವರಿವರು. ಕೆಂಪಯ್ಯನ ಬನಿಯನ್ನಿಗೆ ಹನ್ನೊಂದು ಅಂತ ಬರೆದ ಕಾಗದ ಚುಚ್ಚಿದ್ದರು. ಲಿಯಾಕತ್ ಅಲಿ ಸೈಕಲ್ಲಿನ ಮೇಲೆ ಗಡಿಯಾರ ನೋಡುತ್ತಾ ಹಿಂದೆ ಬಂದ. ಬಿಸಿಲು ಇನ್ನೂ ಎಳೆಯದಾಗಿತ್ತು, ರಾಗಿ ತೆನೆ ಬಾಗಿತ್ತು, ಅವರೆ ಹೂವಿನ ಸೊಗಡು ಹಾದಿಗೆಲ್ಲ ಇಳಿದಿತ್ತು. ಉಡಿಗಾಲ ಬರುವ ಹೊತ್ತಿಗೆ ಕೆಂಪಯ್ಯ ಎಲ್ಲರಿಗಿಂತ ಮುಂದಿದ್ದ.

ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು. ಯಾರೂ ಅಳಲಿಲ್ಲ. ಗಂಡಸರು ಕೇಕೆ ಹಾಕಿದರು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಯಾರೋ ಒಂದು ಚೆಂಬು ನೀರನ್ನು ಅವನ ಮೇಲೆ ಸುರಿದರು. ಕೇರಿಯ ಮುಂದೆ ಶಿವಮ್ಮ ಮಗಳನ್ನು ಎತ್ತಿ ಹಿಡಿದು ಅಪ್ಪನನ್ನು ತೋರಿಸುತ್ತಿದ್ದಳು. ಕೆಂಪಯ್ಯ ಮಗಳಿಗೆ ಕೈ ಬೀಸಿದ. ಎಷ್ಟೋ ವರ್ಷ ಬೇಡಿದ್ದು ಅರ್ಧ ಫರ್ಲಾಂಗಿನಲ್ಲಿ ಸಿಕ್ಕಿತು, ಊರು ಹಿಂದಕ್ಕೆ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಕಷ್ಟ. ಮೂರನೆಯ ಮೈಲಿಗೇ ಆಗಬೇಕಾದದ್ದು ಹತ್ತನೆಯ ಮೈಲಿಗೂ ಆಗಲಿಲ್ಲ. ಕಾಲು ಅವನದೇ ಆಗಿತ್ತು, ಅದರ ನೋವೂ ಅವನದೇ ಆಗಿತ್ತು. ಕಲ್ಲು ಚುಚ್ಚಿದ್ದು ಗೊತ್ತಾಗುತ್ತಿತ್ತು, ಬೆವರು ಕಣ್ಣಿಗಿಳಿದದ್ದು ಗೊತ್ತಾಗುತ್ತಿತ್ತು. ಜನ್ಮದಲ್ಲಿ ಮೊದಲ ಬಾರಿ ಅವನು ಮೈಲಿಕಲ್ಲು ಎಣಿಸಿದ. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ, ಬರೀ ಧೂಳು. ಯಾಕೆ ಓಡುತ್ತಿದ್ದೇನೆ ಅಂತ ತನ್ನನ್ನೇ ಕೇಳಿಕೊಂಡ. ಲೋಟಕ್ಕೆ ಅಂತ ಉತ್ತರ ಬಂತು. ಆ ಉತ್ತರದಿಂದ ಕಾಲಿಗೆ ಬಲವೇನೂ ಬರಲಿಲ್ಲ. ಅಲ್ಲಿಗೆ ಓಟ ತನ್ನದಲ್ಲ, ಸಾವಿನದೇ ಅನ್ನಿಸಿ ಅವನಿಗೆ ಅಳು ಬಂದ ಹಾಗಾಯಿತು.

ಆದರೂ ತೆರಕಣಾಂಬಿ ದಾಟುವಾಗ ಅವನೇ ಮುಂದಿದ್ದ. ಎರಡನೆಯವನು, ಪೋಲೀಸಿನವನು, ಅರ್ಧ ಮೈಲಿ ಹಿಂದಿದ್ದ. ಇನ್ನು ಸ್ವಲ್ಪ ದೂರ ಕೆಂಪಣ್ಣಾ, ಲೋಟ ನಿಮ್ಮದೇ ಅಂತ ಲಿಯಾಕತ್ ಅಲಿ ಹುರಿದುಂಬಿಸುತ್ತಿದ್ದ. ಊರು ಬಿಟ್ಟು ಎರಡು ಮೈಲಿಯಲ್ಲಿ, ದಾರಿಯ ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಕುಡುಗೋಲು ಹಿಡಿದು ಅವರೆಯ ನಡುವೆ ಹುಲ್ಲು ಕೊಯ್ಯುತ್ತಿದ್ದಳು. ಸೈಕಲ್ಲಿನ ಗಂಟೆ ಕೇಳಿ ತಲೆಯೆತ್ತಿದಳು. ಓಡಿ ಬರುತ್ತಿದ್ದವನನ್ನು ನೋಡಿದಳು. ಅಲ್ಲೇ ನೆಲಕ್ಕೆ ಕೂತು, ಕೂದಲು ಬಿಚ್ಚಿ, ಅವ್ವಾ ಅಂತ ಒಂದು ಸಲ ಕೂಗಿದಳು.

ಅವಳು ಕರಿಬಸಮ್ಮ. ಉಡಿಗಾಲದ ಗಂಗಾಧರಸ್ವಾಮಿಯ ತಂಗಿ. ತಾಯಿ ಶಿವರುದ್ರಮ್ಮ ದಸರೆಯಿಂದ ಹಾಸಿಗೆ ಹಿಡಿದಿದ್ದಾಳೆಂದು ಅವಳಿಗೆ ಗೊತ್ತಿತ್ತು. ಕೊಯ್ಲು ಮುಗಿದ ಮೇಲೆ ಹೋಗೋಣ, ಮುಗಿದ ಮೇಲೆ ಹೋಗೋಣ ಅಂತ ದಿನ ದೂಡಿದ್ದಳು. ಅವಳ ಮನೆ ಇದ್ದದ್ದು ದಾರಿಯಿಂದ ಒಳಗೆ, ಒಂಟಿ ತೋಟದಲ್ಲಿ. ಪಂದ್ಯದ ಸಾರುವಿಕೆ ಅಲ್ಲಿಗೆ ಮುಟ್ಟಿರಲಿಲ್ಲ. ಅವಳಿಗೆ ಕಂಡದ್ದು ಇಷ್ಟೇ, ತವರಿನ ಕುಳವಾಡಿ ಓಡಿ ಬರುತ್ತಿದ್ದಾನೆ.

ಕೆಂಪಯ್ಯ ಓಡುತ್ತಲೇ ಕೂಗಿದ, ಏನೂ ಆಗಿಲ್ಲ, ನಿಮ್ಮವ್ವ ಚೆನ್ನಾಗವ್ರೆ ಅಂತ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟು ಹೊತ್ತು ಅನುಮಾನದಲ್ಲಿದ್ದವಳಿಗೆ ಈಗ ಖಾತ್ರಿಯಾಗಿಹೋಯಿತು. ಎರಡು ಕೈಯಲ್ಲೂ ಎದೆ ಗುದ್ದಿಕೊಂಡು ಹೊರಳಿದಳು. ಕೆಂಪಯ್ಯ ನಿಂತ. ಹೊಲದ ಬದುವಿಗೆ ಬಂದು ಇನ್ನೊಂದು ಸಲ ಹೇಳಿದ, ದೇವರಾಣೆ ಇಟ್ಟ, ಬನಿಯನ್ನಿನ ಕಾಗದ ತೋರಿಸಿದ. ಲಿಯಾಕತ್ ಅಲಿ ಸೈಕಲ್ ಇಳಿದು ಬಂದು ಪಂದ್ಯ, ಸರ್ಕಾರ, ಹೊಸ ರಾಜ್ಯ, ಬೆಳ್ಳಿ ಲೋಟ ಎಲ್ಲ ವಿವರಿಸಿದ. ಒಬ್ಬ ಸುಳ್ಳು ಹೇಳಿದರೆ ಸಾಲದು ಅಂತ ಇಬ್ಬರು ಬಂದಿದ್ದಾರೆ, ಹೋದದ್ದು ಎಷ್ಟು ಹೊತ್ತಾಯಿತೋ ಅಂತ ಅವಳು ಇನ್ನೂ ಅತ್ತಳು. ಅವರು ಹೇಳಿದಷ್ಟೂ ಅವಳ ತಾಯಿ ಸತ್ತೇ ಹೋದಳು.

ಅಷ್ಟರಲ್ಲಿ ಪೋಲೀಸಿನವನು ತಿರುವಿನಲ್ಲಿ ಕಾಣಿಸಿಕೊಂಡ. ಲಿಯಾಕತ್ ಅಲಿ ಗಡಿಯಾರ ನೋಡಿ ಕೆಂಪಯ್ಯನ ತೋಳು ಹಿಡಿದೆಳೆದ. ನೀವು ಓಡಿ, ಈ ಅಕ್ಕನನ್ನು ನಾನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದ. ಮಾತು ಸರಿಯಾಗಿಯೇ ಇತ್ತು. ಕೆಂಪಯ್ಯ ಎರಡು ಹೆಜ್ಜೆ ಹಾಕಿಯೂ ಹಾಕಿದ. ಹಿಂದಿನಿಂದ ಕರಿಬಸಮ್ಮ ಅಳು ನಿಲ್ಲಿಸಿ ಹೇಳಿದಳು:

“ದಿಟವಾಗ್ಲೂ ಅವ್ವ ಇದ್ರೆ, ನೀನೂ ವಾಪಸ್ ಬಾ ಕೆಂಪ. ನೀನು ಮುಂದಕ್ಕೇ ಓದ್ರೆ, ಇನ್ನೊಬ್ಬ ಮಗಳಿಗೆ ಏಳಾಕೆ ಓಯ್ತಿದ್ದೀಯ ಅಂತ್ಲೇ ಲೆಕ್ಕ.”

ಅವಳಿಗೆ ಗುಂಡ್ಲುಪೇಟೆಯ ಕಡೆ ಕೊಟ್ಟ ಒಬ್ಬ ಅಕ್ಕ ಇದ್ದದ್ದು ನಿಜ. ಇದಕ್ಕೆ ಏನು ಹೇಳುವುದು? ಪೋಲೀಸಿನವನು ಪಕ್ಕದಲ್ಲೇ ಧಪಧಪ ಹಾದುಹೋದ. ಕೆಂಪಯ್ಯ ಅವನ ಬೆನ್ನನ್ನೇ ನೋಡುತ್ತಾ ಒಂದು ಗಳಿಗೆ ನಿಂತಿದ್ದ. ಆಮೇಲೆ ಬನಿಯನ್ನಿನ ಕಾಗದ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಉಡಿಗಾಲದ ಕಡೆಗೆ ತಿರುಗಿದ. ಲೋಟ ಹೋಯಿತು ಅಂತ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡುವುದೇಕೆ.

ಲಿಯಾಕತ್ ಅಲಿ ಗೊಣಗುತ್ತಾ ಕರಿಬಸಮ್ಮನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಅವಳು ಒಂದು ಕೈಯಲ್ಲಿ ಸೀಟು, ಇನ್ನೊಂದು ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ಕೂತಳು. ಅದನ್ನು ಎಸೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎದುರಿನಿಂದ ಬರುತ್ತಿದ್ದ ಪಂದ್ಯದವರು ಈ ಮೆರವಣಿಗೆ ನೋಡಿ ತಬ್ಬಿಬ್ಬಾದರು. ದಾರಿ ತಪ್ಪಿ ಓಡುತ್ತಿದ್ದೀಯ ಕಣೋ ಅಂತ ಗುಮಾಸ್ತ ಏದುಸಿರಿನಲ್ಲೇ ಬುದ್ಧಿ ಹೇಳಿದ.

ತೆರಕಣಾಂಬಿ ದಾಟಿದ ಮೇಲೆ ದಾರಿಯಲ್ಲಿ ಯಾರೂ ಇರಲಿಲ್ಲ. ಆಗ ಕೆಂಪಯ್ಯನ ಕಾಲಿನ ನೋವು ಎಲ್ಲಿ ಹೋಯಿತೋ ಹೋಯಿತು. ಬೆನ್ನ ಹಿಂದೆ ಬೆಟ್ಟ ನೀಲಿಯಾಗಿ ನಿಂತಿತು, ಹೊಲಗಳು ಹರಿದವು, ಉಸಿರು ತಾನಾಗಿ ಬಂದು ತಾನಾಗಿ ಹೋಯಿತು. ಅವನು ಬೆಚ್ಚಿ ಪಕ್ಕಕ್ಕೆ ತಿರುಗಿದ. ಶಿವರುದ್ರಮ್ಮ ಬಂದಿದ್ದಾಳೇನೋ ಎಂಬ ಭಯ. ಬಂದಿರಲಿಲ್ಲ. ಅಲ್ಲಿದ್ದವಳು ಕೆದರಿದ ಕೂದಲಿನ ಕರಿಬಸಮ್ಮ, ಸೈಕಲ್ಲು ಹಳ್ಳಕ್ಕೆ ಬಿದ್ದಾಗಲೆಲ್ಲ ನಿಧಾನ ಕಣಪ್ಪಾ ಅಂತ ಬೈಯುತ್ತಿದ್ದವಳು. ನಮ್ಮವ್ವ ನಿಜವಾಗಲೂ ಇದ್ದಾಳಾ ಅಂತ ಅವಳು ಮೈಲಿಗೊಂದು ಸಲ ಕೇಳಿದಳು. ಇದ್ದಾಳೆ ಅಂತ ಇವನು ಮೈಲಿಗೊಂದು ಸಲ ಹೇಳಿದ. ಅಷ್ಟು ಹಗುರವಾಗಿ ಅವನು ಯಾವತ್ತೂ ಓಡಿರಲಿಲ್ಲ.

ಶಿವರುದ್ರಮ್ಮ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಬಾಗಿಲಿನಲ್ಲಿ ಮಗಳು ಬಂದು ನಿಂತದ್ದನ್ನು, ಅವಳ ಬಿಚ್ಚಿದ ಕೂದಲನ್ನು, ಕೈಯಲ್ಲಿದ್ದ ಕುಡುಗೋಲನ್ನು, ಅಂಗಳದಲ್ಲಿ ನಿಂತ ಕೆಂಪಯ್ಯನನ್ನು ಒಂದೊಂದಾಗಿ ನೋಡಿದಳು. ಗಂಜಿಯ ಬಟ್ಟಲು ಕೆಳಗಿಟ್ಟಳು.

“ಯಾರ್ ಓದ್ರು ಮಗ?” ಅಂದಳು.

ಕರಿಬಸಮ್ಮ ನಗುವೋ ಅಳುವೋ ತಿಳಿಯದೆ ತಾಯಿಯ ಮಡಿಲಿಗೆ ಬಿದ್ದಳು. ಕೆಂಪಯ್ಯ ಅಂಗಳದ ಬೇವಿನ ಮರಕ್ಕೆ ಒರಗಿಕೊಂಡು ನೋಡಿದ. ಹದಿನಾಲ್ಕು ವರ್ಷ ಅವನು ಕರೆತಂದ ಹೆಣ್ಣುಮಕ್ಕಳೆಲ್ಲ ಸುಮ್ಮನೆ ಮಲಗಿದ್ದ ಮುಖಗಳನ್ನು ಹಿಡಿದುಕೊಂಡು ಅತ್ತಿದ್ದರು. ಈ ಮುಖ ಮಾತಾಡುತ್ತಿತ್ತು. ಕೂದಲಿಗೆ ಎಣ್ಣೆ ಹಾಕಿ ಎಷ್ಟು ದಿನವಾಯಿತೇ ಅಂತ ಬೈಯುತ್ತಿತ್ತು. ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಗಂಗಾಧರಸ್ವಾಮಿ ಮಾತ್ರ ಕೆಂಪಯ್ಯನಿಗೆ ಚೆನ್ನಾಗಿ ಬೈದ. ಬದುಕಿರುವವರ ಹೆಸರಿನಲ್ಲಿ ಊರೂರು ಓಡಾಡಿ ಅಪಶಕುನ ಮಾಡಿದೆ ಅಂದ. ಗುಂಡ್ಲುಪೇಟೆಯಲ್ಲಿ ಲೋಟ ಪೋಲೀಸಿನವನಿಗೆ ಹೋಯಿತು. ಬಂದವಳು ಹೇಗೂ ಬಂದೆನಲ್ಲ ಅಂತ ಕರಿಬಸಮ್ಮ ತವರಿನಲ್ಲೇ ಉಳಿದಳು. ತಾಯಿಯ ತಲೆ ಬಾಚಿದಳು, ಹಳೆಯ ಜಗಳಗಳನ್ನು ಆಡಿ ಮುಗಿಸಿದಳು. ಹತ್ತೊಂಬತ್ತನೆಯ ದಿನ ಶಿವರುದ್ರಮ್ಮ ಮಗಳ ಕೈಯಿಂದ ನೀರು ಕುಡಿದು ಪ್ರಾಣ ಬಿಟ್ಟಳು. ಆ ದಿನ ಕರಿಬಸಮ್ಮನ ತೋಟಕ್ಕೆ ಕೆಂಪಯ್ಯ ಓಡಬೇಕಾಗಲಿಲ್ಲ.

ಆಗಿನಿಂದ ಕೆಂಪಯ್ಯನಿಗೆ ನಿದ್ದೆ ಕಡಿಮೆಯಾಯಿತು. ರೋಗಿಯ ಉಸಿರು ಹೋಗುವವರೆಗೆ ತನ್ನನ್ನು ಯಾಕೆ ಕಾಯಿಸುತ್ತಾರೆ ಅನ್ನುವ ಒಂದೇ ಯೋಚನೆ. ಓಟ ಓಟವೇ. ಎರಡು ದಿನ ಮುಂಚೆ ಓಡಿದರೆ ಅದೇ ಮೈಲಿ, ಅದೇ ಬೆವರು. ಆದರೆ ಕುಳವಾಡಿಯಾದವನು ರೋಗಿ ಇರುವ ಮನೆಯ ಮುಂದೆ ನಿಂತು ಈ ಮಾತು ಎತ್ತುವುದು ಹೇಗೆ? ಅಲ್ಲೇ ಕಂಬಕ್ಕೆ ಕಟ್ಟಿ ಹೊಡೆದಾರು.

ಸಂಕ್ರಾಂತಿ ಕಳೆದ ಮೇಲೆ ಗಂಗಾಧರಸ್ವಾಮಿಯ ಚಿಕ್ಕಪ್ಪ ನೀಲಕಂಠಸ್ವಾಮಿಗೆ ಎದೆನೋವು ಬಂತು. ಚಾಮರಾಜನಗರದ ಡಾಕ್ಟರು ನೋಡಿ ಇನ್ನು ನಾಲ್ಕೈದು ದಿನ ಅಂದರು. ಮಾರನೆಯ ಬೆಳಿಗ್ಗೆ ಕೆಂಪಯ್ಯ ಆ ಮನೆಯ ಅಂಗಳದಲ್ಲಿ ಹೋಗಿ ನಿಂತ. ಅವನನ್ನು ಕಂಡದ್ದೇ ಗಂಗಾಧರಸ್ವಾಮಿ ಧಡಧಡ ಇಳಿದು ಬಂದ.

“ಬುದ್ಧಿ,” ಅಂದ ಕೆಂಪಯ್ಯ, “ನಾಳೆ ಕಳಿಸೋ ಬದ್ಲು ಇವತ್ತೇ ಕಳಿಸ್ಬುಡಿ. ಉಸ್ರು ಇರೋವಾಗ್ಲೇ ಓಗ್ಬುಡ್ತೀನಿ.”

ಗಂಗಾಧರಸ್ವಾಮಿಯ ಕೈ ಮೇಲಕ್ಕೆದ್ದಿತು. ಅಂಗಳದ ಆಚೆ ಈಚೆ ಇದ್ದವರೆಲ್ಲ ಉಸಿರು ಹಿಡಿದರು. ಎದ್ದ ಕೈ ಹಾಗೆಯೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಇಳಿದು, ಅವನ ಸ್ವಂತ ಕಣ್ಣನ್ನು ಒರೆಸಿಕೊಂಡಿತು. ತಂಗಿ ತಾಯಿಯ ತಲೆ ಬಾಚುತ್ತಿದ್ದದ್ದು ನೆನಪಾಯಿತೋ ಏನೋ. ಹೋಗು ಅಂತ ಒಂದೇ ಮಾತು ಅಂದು ಒಳಗೆ ಹೋದ.

ಕೆಂಪಯ್ಯ ಹೋಗಲಿಲ್ಲ. ಕಿಟಕಿಯ ಹತ್ತಿರ ಬಂದು ನಿಂತು, ಒಳಗೆ ಮಲಗಿದ್ದ ನೀಲಕಂಠಸ್ವಾಮಿಯನ್ನು ಕರೆದು, ಮಗಳಿಗೆ ಏನು ಹೇಳಲಿ ಬುದ್ಧಿ ಅಂತ ಕೇಳಿದ. ಸುದ್ದಿಯ ಯಜಮಾನನನ್ನೇ ಸುದ್ದಿ ಕೇಳಿದ ಕುಳವಾಡಿ ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಮುದುಕ ಕಣ್ಣು ತೆರೆದು, ಮೊದಲು ರೇಗಿ, ಆಮೇಲೆ ಯೋಚಿಸಿ, ಹೇಳಬೇಕಾದ್ದನ್ನು ಹೇಳಿದ. ಅದನ್ನು ಬಾಯಲ್ಲಿಟ್ಟುಕೊಂಡು ಕೆಂಪಯ್ಯ ಓಡಿದ. ಮಂಜು ಆರುತ್ತಿತ್ತು, ಹುರುಳಿ ಕಿತ್ತ ಹೊಲಗಳು ಬಯಲಾಗಿ ಮಲಗಿದ್ದವು. ಹೆಣದ ಮುಂದೆ ಓಡುವುದಕ್ಕೂ ಉಸಿರಿನ ಮುಂದೆ ಓಡುವುದಕ್ಕೂ ಎಷ್ಟೊಂದು ವ್ಯತ್ಯಾಸ ಅಂತ ಅವನಿಗೆ ದಾರಿಯುದ್ದಕ್ಕೂ ಆಶ್ಚರ್ಯ. ಸಾವು ಕಾಯುತ್ತದೆ, ಉಸಿರು ಕಾಯುವುದಿಲ್ಲ. ಅವತ್ತು ಅವನು ಗುಂಡ್ಲುಪೇಟೆ ಮುಟ್ಟಿದ ವೇಗವನ್ನು ಹಿಡಿಯುವುದಕ್ಕೆ ಲಿಯಾಕತ್ ಅಲಿ ಅಲ್ಲಿರಲಿಲ್ಲ.

ನೀಲಕಂಠಸ್ವಾಮಿಯ ಮಗಳು ಚಂದ್ರಮತಿಯನ್ನು ಅಲ್ಲಿಯ ದಿನಸಿ ಅಂಗಡಿಯವರ ಮನೆಗೆ ಕೊಟ್ಟಿತ್ತು. ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದವಳು ಬೀದಿಯ ತುದಿಯಲ್ಲಿ ಅವನನ್ನು ಕಂಡಳು. ಮುಖ ಬಿಳುಚಿತು. ಗೋಡೆ ಹಿಡಿದುಕೊಂಡು ಎದ್ದು ನಿಂತಳು, ಯಾವಾಗ ಅಂತ ಕೂಡ ಕೇಳಲಿಲ್ಲ. ಚೆನ್ನಾಗಿದ್ದಾರೆ ಅನ್ನುವ ಹಾಗಿಲ್ಲ, ಏನೂ ಆಗಿಲ್ಲ ಅನ್ನುವ ಹಾಗಿಲ್ಲ. ಕೆಂಪಯ್ಯ ಮೊಣಕಾಲು ಹಿಡಿದು ಬಗ್ಗಿ, ಉಸಿರು ಎಳೆದುಕೊಂಡು, ಮುದುಕ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ:

“ಗಂಜಿಗೆ ಉಪ್ಪೇ ಆಕಾಕಿಲ್ಲ ಈ ಮನೇವ್ರು ಅಂದ್ರು ಕಣವ್ವ. ಹುಚ್ಚೆಳ್ ಚಟ್ನಿ ಮಾಡ್ಕಂಡು ಬರಾಕೇಳು, ಬೆಳ್ಳುಳ್ಳಿ ಜಾಸ್ತಿ ಆಕ್ಲಿ, ಓದ್ಸಲ ಕಮ್ಮಿಯಾಗಿತ್ತು ಅಂದ್ರು. ಜಾಸ್ತಿ ದಿನ ಇಲ್ಲ. ಆದ್ರೆ ಇವತ್ತು ಅವ್ರೆ.”

ಚಂದ್ರಮತಿ ಅವನ ಮುಖವನ್ನೇ ನೋಡಿದಳು. ಬೀದಿಯಲ್ಲಿ ಎರಡು ಗಾಡಿ ಹೋದವು. ಆಮೇಲೆ ಅವಳ ಬಾಯಿಯ ಒಂದು ಮೂಲೆ ನಡುಗಿತು. ಹೋದ ಸಲವೂ ಬೆಳ್ಳುಳ್ಳಿ ಸರಿಯಾಗಿಯೇ ಇತ್ತು, ಅಪ್ಪನಿಗೆ ಯಾವತ್ತು ಹಿಡಿಸಿದೆ ಅಂದಳು. ಅಂದು, ಕಣ್ಣೀರಿನ ನಡುವೆಯೇ ನಕ್ಕು, ಒಳಗೆ ಓಡಿದಳು.

ಸಾವಿನ ಸುದ್ದಿ ಬಂದ ಮನೆಯಲ್ಲಿ ಉರಿಯುವ ಒಲೆಗೆ ನೀರು ಎರಚುವುದು ಆ ಕಡೆಯ ಪದ್ಧತಿ. ಕೆಂಪಯ್ಯ ಹೋದ ಮನೆಗಳಲ್ಲೆಲ್ಲ ಬೆಂಕಿ ಆರಿತ್ತು, ಆ ಹಸಿ ಬೂದಿಯ ವಾಸನೆ ಮೂಗಿಗೆ ಹತ್ತಿಕೊಂಡೇ ಅವನು ಮನೆಗೆ ಮರಳುತ್ತಿದ್ದ. ಈಗ ಜಗಲಿಯ ಕೆಳಗೆ ಕೂತವನಿಗೆ ಒಳಗೆ ಸೌದೆ ಮುರಿದ ಸದ್ದು ಕೇಳಿಸಿತು, ಊದುಗೊಳವೆ ಊದಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಣಲೆಯಲ್ಲಿ ಹುಚ್ಚೆಳ್ಳು ಚಟಪಟ ಸಿಡಿಯತೊಡಗಿತು, ಹುರಿದ ಘಮ ಬೀದಿಗೆ ಬಂತು. ಅವನು ತಲೆಯ ಬಟ್ಟೆ ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಅತ್ತ. ತನ್ನ ಸುದ್ದಿಗೆ ಒಲೆ ಹತ್ತಿತಲ್ಲ ಅಂತ ಅತ್ತ.

ಒಳಗಿನಿಂದ ಚಂದ್ರಮತಿ ಕೇಳಿದಳು: “ನೀನು ಬೆಳಗ್ಗಿಂದ ಏನಾರ ಉಂಡ್ಯಾ ಕೆಂಪಯ್ಯ?”